ನುಡಿ, ನೆನಪು, ನಡೆ

ಬದುಕಿನ ಬಗೆಗಿನ ಒಂದು ತಿಳಿವಳಿಕೆಯನ್ನು, ಒಮ್ಮೆ ಕೇಳಿದರೆ ಮರೆಯದಂತೆ, ಕೆಲವೇ ಮಾತುಗಳಲ್ಲಿ ಹಿಡಿದಿಟ್ಟದ್ದು ಸೂಕ್ತಿ. ಊರಿನ ಗಾದೆ, ಸಂಸ್ಕೃತದ ಸುಭಾಷಿತ, ಸರ್ವಜ್ಞನ ತ್ರಿಪದಿ, ಶರಣರ ವಚನ, ಧಮ್ಮಪದದ ಗಾಥೆ, ತಿರುವಳ್ಳುವರರ ಕುರಳ್ ಎಲ್ಲವೂ ರೂಪದಲ್ಲಿ ಬೇರೆಬೇರೆ. ಆದರೂ ಈ ಒಂದು ಗುಣದಿಂದ ಅವು ಒಂದೇ ಮನೆತನಕ್ಕೆ ಸೇರುತ್ತವೆ. ಬೆಳೆ ಕೈಕೊಟ್ಟಾಗ, ಮಕ್ಕಳು ಪರೀಕ್ಷೆಯಲ್ಲಿ ಸೋತಾಗ, ಮನೆಯಲ್ಲಿ ಸಾವಾದಾಗ ಹಿರಿಯರೊಬ್ಬರು ಇಂಥ ಒಂದು ಮಾತನ್ನು ಆಡುತ್ತಾರೆ. ಕೆಲವೊಮ್ಮೆ ಆ ಮಾತು ಕುಸಿದವರನ್ನು ಎತ್ತಿ ನಿಲ್ಲಿಸುತ್ತದೆ. ಕೆಲವೊಮ್ಮೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಹೋಗುತ್ತದೆ.

ಅದೇ ಮಾತು ಒಮ್ಮೆ ಬಲ ಕೊಡುವುದೇಕೆ, ಇನ್ನೊಮ್ಮೆ ಬರಿದಾಗುವುದೇಕೆ? ವಿವೇಕ ಇರುವುದು ಮಾತಿನಲ್ಲೋ, ಆಡಿದವರಲ್ಲೋ, ಕೇಳಿದವರಲ್ಲೋ? ಭಾರತದ ದರ್ಶನಗಳೂ ಪ್ರಾಚೀನ ಗ್ರೀಸಿನ ಚಿಂತಕರೂ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿದ್ದಾರೆ. ಅವರ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಸೂಕ್ತಿ ಒಂಟಿಯಾಗಿ ಅರ್ಧ ಮಾತ್ರ. ತಕ್ಕ ಸಂದರ್ಭ, ಕೇಳಿದವರ ಮನನ, ಅದಕ್ಕೊಪ್ಪುವ ನಡೆ ಸೇರಿದಾಗಲೇ ಅದು ಪೂರ್ಣವಾಗುತ್ತದೆ.

ನೆನಪಿಗೆ ಒದಗುವ ಕಟ್ಟು

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಬಿಡಿಸಿ ನೋಡಿದರೆ ಸೂಕ್ತಿಯ ಕಟ್ಟು ತಿಳಿಯುತ್ತದೆ. ಇಡೀ ಗಾದೆಯಲ್ಲಿರುವುದು ನಾಲ್ಕೇ ಪದ. ಕೈಗೆ ಬಾಯಿ ಜೋಡಿ, ಕೆಸರಿಗೆ ಮೊಸರು ಪ್ರಾಸ. ಮೊದಲರ್ಧದಲ್ಲಿ ಷರತ್ತು, ಉಳಿದರ್ಧದಲ್ಲಿ ಫಲ. ಶ್ರಮ, ದುಡಿಮೆ, ಪ್ರತಿಫಲ ಎಂಬ ಮಾತು ಒಂದೂ ಇಲ್ಲ. ನಾಟಿ ಮಾಡಿದ ಕೈಯೂ ಉಣ್ಣುವ ಬಾಯಿಯೂ ಕಣ್ಣಿಗೆ ಕಟ್ಟಿದರೆ ಸಾಕು, ಅರ್ಥ ತಾನಾಗಿ ಬರುತ್ತದೆ. ಒಂದು ಪದವನ್ನು ಬದಲಿಸಿದರೂ ಗಾದೆ ಮುರಿಯುತ್ತದೆ. ಹಾಗೆಂದೇ ಅದು ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಹೋದರೂ ಸವೆಯದೆ ಉಳಿದಿದೆ.

ತ್ರಿಪದಿಗೂ ಇಂಥದೇ ಗಟ್ಟಿತನವಿದೆ. ಕನ್ನಡದ ಈ ಅಚ್ಚ ದೇಸಿ ಛಂದಸ್ಸಿನ ಬಹಳ ಹಳೆಯ ಮಾದರಿ ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಿಗುತ್ತದೆ. ಒಬ್ಬ ವೀರನ ಸ್ವಭಾವವನ್ನು ಕೆಲವೇ ಸಾಲುಗಳಲ್ಲಿ ಹೇಳುವ ಆ ಬರಹ ಇಂದಿಗೂ ಜನರ ಬಾಯಲ್ಲಿದೆ. ಹೆಂಗಸರು ರಾಗಿ, ಜೋಳ ಬೀಸುತ್ತ ಹಾಡಿದ ಬೀಸುವ ಪದಗಳು ಇದೇ ಮಟ್ಟಿನವು. ಸರ್ವಜ್ಞನೂ ತನ್ನ ತಿಳಿವಳಿಕೆಗೆ ಇದನ್ನೇ ಆರಿಸಿಕೊಂಡ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಅಲ್ಲಿ ಸಮಾನ ವಾಕ್ಯಗಳ ಲಯ ಮತ್ತು ಕೊನೆಗೆ ಬರುವ ಅಂಕಿತ ಆ ಕೆಲಸ ಮಾಡುತ್ತವೆ. ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ಮಂಕುತಿಮ್ಮನ ಕಗ್ಗದ 945 ಪದ್ಯಗಳೂ ಒಂದೇ ಅಂಕಿತದಲ್ಲಿ ಮುಗಿಯುತ್ತವೆ. ವೇದಾಂತದ ಕಠಿಣ ವಿಚಾರಗಳು ಓದುಬರಹ ಹೆಚ್ಚಿಲ್ಲದವರ ನಾಲಗೆಯ ಮೇಲೂ ನಿಂತಿರುವುದಕ್ಕೆ ಈ ಕಟ್ಟು ಒಂದು ಕಾರಣ.

ನೆನಪಿನಲ್ಲಿ ಉಳಿಯುವುದು ಕೇವಲ ಸೊಗಸಿನ ವಿಷಯವಲ್ಲ. ವಿವೇಕ ಬೇಕಾಗುವ ಗಳಿಗೆಯಲ್ಲಿ ಪುಸ್ತಕ ಕೈಯಲ್ಲಿರುವುದಿಲ್ಲ. ಸಿಟ್ಟು ನೆತ್ತಿಗೇರಿದಾಗ, ಭಯ ಆವರಿಸಿದಾಗ, ಆಸೆ ಸೆಳೆದಾಗ ದೀರ್ಘವಾದ ತರ್ಕವನ್ನು ಮೊದಲಿಂದ ಕಟ್ಟಿಕೊಂಡು ಬರಲು ಮನಸ್ಸಿಗೆ ಪುರುಸೊತ್ತಿಲ್ಲ. ಸಮಾಧಾನದ ಹೊತ್ತಿನಲ್ಲಿ ಒಪ್ಪಿಕೊಂಡ ತಿಳಿವಳಿಕೆಯನ್ನು ಕಷ್ಟದ ಹೊತ್ತಿಗೆ ತಲುಪಿಸಲು ಚಿಕ್ಕ ಮಾತೇ ಬೇಕು.

ಗಾಂಧೀಜಿ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ದಕ್ಷಿಣ ಆಫ್ರಿಕದಲ್ಲಿ ವಕೀಲಿ ವೃತ್ತಿಯ ನಡುವೆ ಗೀತೆಯನ್ನು ಬಾಯಿಪಾಠ ಮಾಡಲು ಅವರು ಹಿಡಿದ ದಾರಿಯನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬೆಳಗಿನ ಮುಖಮಾರ್ಜನ, ಸ್ನಾನಕ್ಕೆ ಅವರಿಗೆ 35 ನಿಮಿಷ ಹಿಡಿಯುತ್ತಿತ್ತು. ಹಲ್ಲುಜ್ಜಲು 15, ಸ್ನಾನಕ್ಕೆ 20. ಹಲ್ಲುಜ್ಜುವಾಗ ನಿಂತೇ ಇರುತ್ತಿದ್ದರಿಂದ ಎದುರಿನ ಗೋಡೆಗೆ ಶ್ಲೋಕಗಳ ಚೀಟಿ ಅಂಟಿಸಿ, ನೋಡುತ್ತ ಕಲಿಯುತ್ತಿದ್ದರು. ಸ್ನಾನದ ಹೊತ್ತಿಗೆ ಹಿಂದೆ ಕಲಿತದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದರು. ಹೀಗೆ ಹದಿಮೂರು ಅಧ್ಯಾಯಗಳು ಅವರಿಗೆ ಕಂಠಸ್ಥವಾದವು. ಮುಂದೆ ಗೀತೆಯ ಎರಡನೆಯ ಅಧ್ಯಾಯದ ಕೊನೆಯ 19 ಶ್ಲೋಕಗಳು, ಎಂದರೆ ಸ್ಥಿತಪ್ರಜ್ಞನ ಲಕ್ಷಣಗಳು, ಆಶ್ರಮದ ಸಂಜೆಯ ಪ್ರಾರ್ಥನೆಯಲ್ಲಿ ನಿತ್ಯದ ಪಾಠವಾದವು.

ಸಂದರ್ಭದಿಂದ ಬಿಡಿಸಿದ ಮಾತು, ಸಂದರ್ಭಕ್ಕೆ ಮರಳಿಸಿದ ಮಾತು

ಸುಭಾಷಿತಗಳಲ್ಲಿ ಹಲವು ಹುಟ್ಟಿದ್ದು ಬಿಡಿಯಾಗಿ ಅಲ್ಲ, ಕಾವ್ಯನಾಟಕಗಳ ಒಳಗೆ, ಯಾವುದೋ ಪಾತ್ರದ ಬಾಯಲ್ಲಿ. ಅವನ್ನು ಆಯ್ದು, ವಿಷಯವಾರು ಜೋಡಿಸಿ ಸಂಕಲನ ಮಾಡುವ ಪರಿಪಾಠ ಭಾರತದಲ್ಲಿ ಬಹಳ ಹಳೆಯದು. ಬಂಗಾಳದ ಜಗದ್ದಲ ವಿಹಾರದ ಬೌದ್ಧ ಪಂಡಿತ ವಿದ್ಯಾಕರ ಸುಮಾರು 1100ರ ಹೊತ್ತಿಗೆ ಸಂಗ್ರಹಿಸಿದ ಸುಭಾಷಿತರತ್ನಕೋಶದಲ್ಲಿ 1,700ಕ್ಕೂ ಹೆಚ್ಚು ಪದ್ಯಗಳಿವೆ. ದೇವಗಿರಿಯ ಯಾದವರ ಆಸ್ಥಾನದ ಜಲ್ಹಣನ ಹೆಸರಿನ ಸೂಕ್ತಿಮುಕ್ತಾವಳಿ 1258ರದು. ಇಂಥ ಸಂಕಲನಗಳಿಂದ ಸಾವಿರಾರು ಪದ್ಯಗಳು ಉಳಿದುಕೊಂಡವು. ಅದೇ ಹೊತ್ತಿಗೆ ಅವು ಯಾರು, ಯಾರಿಗೆ, ಯಾವಾಗ ಆಡಿದ ಮಾತುಗಳು ಎಂಬುದು ಮರೆಯಾಯಿತು.

ಮರೆಯಾದದ್ದು ಎಷ್ಟು ಮುಖ್ಯ ಎಂಬುದನ್ನು ಭಾರವಿಯ ಕಿರಾತಾರ್ಜುನೀಯ ತೋರಿಸುತ್ತದೆ. ಐಹೊಳೆಯ ಮೇಗುತಿ ಬಸದಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿ ಕಾಳಿದಾಸನ ಜೊತೆಗೆ ಹೆಸರಿಸಿದ ಕವಿ ಈತ. ವಿವೇಚನೆಯಿಲ್ಲದೆ ದುಡುಕಬಾರದು ಎಂಬ, ಎಲ್ಲರ ಬಾಯಲ್ಲಿರುವ ಸುಭಾಷಿತ ಈ ಕಾವ್ಯದ್ದು. ಅದನ್ನು ಆಡುವವನು ಧರ್ಮರಾಯ, ಕೇಳುವವನು ಕೋಪದಿಂದ ಕುದಿಯುತ್ತಿರುವ ಭೀಮ. ಆದರೆ ಅದಕ್ಕೆ ಮುಂಚೆ, ಮೊದಲ ಸರ್ಗದಲ್ಲಿಯೇ ದ್ರೌಪದಿ ಎದ್ದು ನಿಂತು, ಅವಮಾನ ಸಹಿಸಿ ಸುಮ್ಮನಿರುವುದು ಕ್ಷತ್ರಿಯನಿಗೆ ತಕ್ಕದ್ದಲ್ಲ ಎಂದು ವಾದಿಸಿದ್ದಾಳೆ. ಅವಳ ಮಾತುಗಳಿಂದಲೂ ಸುಭಾಷಿತಗಳನ್ನು ಆಯ್ದಿದ್ದಾರೆ. ಕಾವ್ಯದೊಳಗೆ ಇವೆರಡೂ ಪಗಡೆಯಲ್ಲಿ ರಾಜ್ಯ ಕಳೆದುಕೊಂಡವರ ನಿಜವಾದ ಇಕ್ಕಟ್ಟಿನ ಎರಡು ಮುಖಗಳು. ಹೊರಗೆ ಬಂದ ಮೇಲೆ ಅವು ಎರಡು ಬಿಡಿ ಉಪದೇಶಗಳಾಗುತ್ತವೆ.

ಬಿಡಿಸಿದ ಮಾತಿಗೆ ಸಂದರ್ಭವನ್ನು ಮರಳಿ ಕೊಡುವ ಪ್ರಯತ್ನವನ್ನೂ ಧಾರ್ಮಿಕ ಪರಂಪರೆಗಳು ಮಾಡಿವೆ. ಧಮ್ಮಪದದ 423 ಗಾಥೆಗಳು 26 ವರ್ಗಗಳಲ್ಲಿ ಹಂಚಿಕೊಂಡಿವೆ. ಮೂಲದಲ್ಲಿ ಅವುಗಳ ಸುತ್ತ ಕಥೆಯಿಲ್ಲ. ನಂತರ ಬಂದ ಪಾಲಿ ಅಟ್ಠಕಥೆ, ಬುದ್ಧ ಆ ಮಾತನ್ನು ಯಾವ ಊರಲ್ಲಿ, ಯಾರ ಯಾವ ಸಂಕಟವನ್ನು ಕಂಡು ಆಡಿದ ಎಂದು ಸುಮಾರು 300 ಕಥೆಗಳ ಮೂಲಕ ಹೇಳುತ್ತದೆ. ಕನ್ನಡದಲ್ಲಿ ಇದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿದ್ದು ಶೂನ್ಯಸಂಪಾದನೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದದ ರೂಪಕ್ಕೆ ತಂದ. ಬಿಡಿಯಾಗಿದ್ದ ವಚನ ಅಲ್ಲಿ ಅಲ್ಲಮನ ಪ್ರಶ್ನೆಯಾಗುತ್ತದೆ, ಅಕ್ಕಮಹಾದೇವಿಯ ಉತ್ತರವಾಗುತ್ತದೆ, ಬಸವಣ್ಣನ ವಿನಯವಾಗುತ್ತದೆ. ಈ ಸಂಭಾಷಣೆಗಳೆಲ್ಲ ಹಾಗೆಯೇ ನಡೆದವೇ ಎಂಬುದು ಇತಿಹಾಸದ ಪ್ರಶ್ನೆ. ಮಾತಿನ ಅರ್ಥ ಅದು ಎದುರಿಸಿದ ಪ್ರಶ್ನೆಯಿಂದ ತೆರೆದುಕೊಳ್ಳುತ್ತದೆ ಎಂಬುದನ್ನು ಸಂಪಾದನಕಾರರು ಅರಿತಿದ್ದರು ಎಂಬುದಂತೂ ನಿಜ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದರಿಂದ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಆಸೆ ಕೆಟ್ಟದ್ದು ಎಂಬ ಮಾತನ್ನು ಯಾರು ಬೇಕಾದರೂ ಆಡಬಹುದು. ಬಡವರ ಮನೆಯಲ್ಲಿ, ಅಕ್ಕಿಯ ಗಂಟು ಎದುರಿಗಿರುವಾಗ, ಪ್ರೀತಿಯ ಗಂಡನಿಗೆ ಆಡಿದ್ದರಿಂದ ಅವಳ ಮಾತಿಗೆ ಆ ತೂಕ ಬಂತು.

ಒಂದಕ್ಕೊಂದು ಎದುರಾಗುವ ನುಡಿಗಳು

"ಗಾಳಿ ಬಂದಾಗ ತೂರಿಕೋ" ಎನ್ನುವ ಜನವೇ "ಆತುರಗಾರನಿಗೆ ಬುದ್ಧಿ ಮಟ್ಟ" ಎನ್ನುತ್ತಾರೆ. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಮಾತನ್ನು ಹೊಗಳುವ ನಾಲಗೆಯೇ "ಮಾತು ಬೆಳ್ಳಿ, ಮೌನ ಬಂಗಾರ" ಎಂದು ಮೌನವನ್ನು ಮೇಲೆ ಕೂರಿಸುತ್ತದೆ. ಎರಡೂ ನಿಜವಾಗಲು ಹೇಗೆ ಸಾಧ್ಯ? ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ನಂಬಿಕೆಯ ಗತಿಯೇನು?

ಗಾದೆಯನ್ನು ಎಲ್ಲ ಕಾಲಕ್ಕೂ ಸಲ್ಲುವ ನಿಯಮವೆಂದು ತಿಳಿದರೆ ಈ ವಿರೋಧಕ್ಕೆ ಪರಿಹಾರವಿಲ್ಲ. ಸಂದರ್ಭಕ್ಕೆ ತಕ್ಕಂತೆ ಆರಿಸಿಕೊಳ್ಳುವ ಸಲಹೆ ಎಂದು ತಿಳಿದರೆ ವಿರೋಧವೇ ಇಲ್ಲ. ನುರಿತ ವೈದ್ಯರ ಬಳಿ ಭೇದಿಗೂ ಮಲಬದ್ಧತೆಗೂ ಔಷಧವಿರುವಂತೆ, ಸಮುದಾಯದ ನುಡಿಗಂಟಿನಲ್ಲಿ ಅಂಜುವವರಿಗೂ ದುಡುಕುವವರಿಗೂ ಮಾತುಗಳಿವೆ. ಯಾವುದನ್ನು ಯಾರಿಗೆ ಕೊಡಬೇಕು ಎಂಬ ತಿಳಿವು ಗಾದೆಯೊಳಗೆ ಇಲ್ಲ, ಅದು ಬಳಸುವವರಲ್ಲಿರಬೇಕು. ಎಷ್ಟು ಗಾದೆ ಗೊತ್ತಿದೆ ಎಂಬುದರಿಂದ ವಿವೇಕವನ್ನು ಅಳೆಯಲಾಗದಿರುವುದು ಇದರಿಂದಲೇ.

ಅರಿಸ್ಟಾಟಲ್ ವಾಕ್‌ಕಲೆಯನ್ನು ಕುರಿತ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಸೂಕ್ತಿಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅವನ ಪ್ರಕಾರ ಸೂಕ್ತಿಯು ಕಾರಣವನ್ನು ಬಿಟ್ಟು ತೀರ್ಮಾನವನ್ನಷ್ಟೇ ಹೇಳುವ ವಾದ. ಕಾರಣವನ್ನು ಸೇರಿಸಿದರೆ ಅದು ಪೂರ್ಣ ತರ್ಕವಾಗುತ್ತದೆ. ಹೀಗಾಗಿ ಸೂಕ್ತಿಗಳನ್ನು ಆಡುವುದು ವಯಸ್ಸಾದವರಿಗೆ, ಅದೂ ತಾವು ಅನುಭವಿಸಿ ಬಲ್ಲ ವಿಷಯದಲ್ಲಿ, ಶೋಭಿಸುತ್ತದೆ. ಅನುಭವವಿಲ್ಲದವರ ಬಾಯಲ್ಲಿ ಅವು ಪೊಳ್ಳು ಎನಿಸುತ್ತವೆ. ಅವನು ಇನ್ನೊಂದು ಎಚ್ಚರಿಕೆಯ ವಿಷಯವನ್ನೂ ಗಮನಿಸಿದ್ದಾನೆ. ಕೇಳುವವರು ತಮ್ಮ ಸಣ್ಣ ಅನುಭವದಿಂದ ಈಗಾಗಲೇ ನಂಬಿದ್ದನ್ನು ಯಾರಾದರೂ ಲೋಕಸತ್ಯವೆಂಬಂತೆ ಆಡಿದರೆ ಹಿಗ್ಗುತ್ತಾರೆ. ನೆರೆಯವರ ಕಾಟದಿಂದ ಬೇಸತ್ತವರಿಗೆ ನೆರೆಯವರನ್ನು ದೂರುವ ಗಾದೆ ಬಹಳ ರುಚಿಸುತ್ತದೆ. ಆದ್ದರಿಂದ ಮನಸ್ಸಿಗೆ ತಟ್ಟನೆ ಹಿಡಿಸಿದ ಸೂಕ್ತಿಯನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಅದು ತಿದ್ದುತ್ತಿರಬಹುದು, ಹಳೆಯ ಪೂರ್ವಗ್ರಹವನ್ನು ತಟ್ಟಿ ಮಲಗಿಸುತ್ತಿರಲೂಬಹುದು.

ಆಡಿದವರು ಯಾರು

ಜನಪ್ರಿಯ ನುಡಿಗಳು ದೊಡ್ಡ ಹೆಸರುಗಳ ಕಡೆಗೆ ಹರಿಯುತ್ತವೆ. ಭರ್ತೃಹರಿಯ ಶತಕಗಳ ನೂರಾರು ಹಸ್ತಪ್ರತಿಗಳನ್ನು ಪರಿಶೀಲಿಸಿ ಡಿ.ಡಿ. ಕೋಸಂಬಿಯವರು 1948ರಲ್ಲಿ ಪ್ರಕಟಿಸಿದ ಪರಿಷ್ಕರಣದಲ್ಲಿ, ಪ್ರತಿಗಳು ಒಟ್ಟಾಗಿ ಸಮರ್ಥಿಸುವ ಪದ್ಯಗಳು ಸುಮಾರು 200 ಮಾತ್ರ. ಆ ಹೆಸರಿನಲ್ಲಿ ಚಲಾವಣೆಯಲ್ಲಿದ್ದವು ಅದಕ್ಕಿಂತ ಎಷ್ಟೋ ಹೆಚ್ಚು. ಸರ್ವಜ್ಞನದೂ ಇದೇ ಕಥೆ. ಉತ್ತಂಗಿ ಚನ್ನಪ್ಪನವರು ಜನರ ಬಾಯಿಂದಲೂ ಓಲೆಗಳಿಂದಲೂ ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದ ತ್ರಿಪದಿಗಳಿಂದ ಕವಿಯ ಗುರುತು ಗಟ್ಟಿಯಾಯಿತು. ಆದರೂ ಅವನ ಅಂಕಿತದಲ್ಲಿ ಬೇರೆಯವರು ಕಟ್ಟಿದ ಪದ್ಯಗಳು ಸೇರಿಕೊಂಡಿರುವುದನ್ನು ವಿದ್ವಾಂಸರು ಒಪ್ಪುತ್ತಾರೆ.

ಹಾಗಾದರೆ ಮಾತಿನ ಪ್ರಾಮಾಣ್ಯ ಆಡಿದವರ ಹೆಸರನ್ನು ಅವಲಂಬಿಸಿದೆಯೇ? ನ್ಯಾಯದರ್ಶನ ಆಪ್ತರ ಉಪದೇಶವನ್ನು ಜ್ಞಾನದ ಒಂದು ಮೂಲವಾಗಿ ಒಪ್ಪುತ್ತದೆ. ಆಪ್ತರೆಂದರೆ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣದಲ್ಲಿ ಕುಲಕ್ಕಾಗಲಿ ಕೀರ್ತಿಗಾಗಲಿ ಎಡೆಯಿಲ್ಲ. ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಎಂದರೆ ಮಳೆಯ ವಿಷಯದಲ್ಲಿ ಅನುಭವಸ್ಥ ರೈತ ಆಪ್ತ, ಹೆರಿಗೆಯ ವಿಷಯದಲ್ಲಿ ಊರಿನ ಸೂಲಗಿತ್ತಿ ಆಪ್ತೆ. ಹೆಸರಿಲ್ಲದ ಗಾದೆಗೂ ಈ ಬಗೆಯ ಆಪ್ತತೆ ಇರಬಲ್ಲದು, ಏಕೆಂದರೆ ಅದರ ಹಿಂದೆ ಬಲ್ಲವರ ಬಹಳ ಕಾಲದ ನೋಟವಿದೆ.

ಬುದ್ಧ ಕಾಲಾಮರಿಗೆ ಮಾಡಿದ ಉಪದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೇಸಪುತ್ತ ಎಂಬ ಊರಿಗೆ ಹಲವು ಗುರುಗಳು ಬಂದು, ತಮ್ಮ ಮಾತೇ ಸರಿ, ಉಳಿದವರದು ತಪ್ಪು ಎಂದು ಹೇಳಿ ಹೋಗಿದ್ದರು. ಗೊಂದಲಗೊಂಡ ಜನಕ್ಕೆ ಬುದ್ಧ ಕೊಟ್ಟ ಸಲಹೆಯ ತಿರುಳು ಹೀಗಿದೆ: ಪರಂಪರೆಯಿಂದ ಬಂತೆಂದೋ, ಶಾಸ್ತ್ರದಲ್ಲಿದೆಯೆಂದೋ, ಆಡಿದವರು ತಮ್ಮ ಗುರುವೆಂದೋ ಒಪ್ಪಬೇಕಿಲ್ಲ, ಅದರಂತೆ ನಡೆದರೆ ಲೋಭ, ದ್ವೇಷ, ಮೋಹ ಬೆಳೆಯುತ್ತವೆಯೋ ಕರಗುತ್ತವೆಯೋ ಎಂಬುದನ್ನು ತಾವೇ ಕಂಡುಕೊಳ್ಳಬೇಕು, ತಿಳಿದವರು ಏನನ್ನು ಮೆಚ್ಚುತ್ತಾರೆ ಎಂಬುದನ್ನೂ ಗಮನಿಸಬೇಕು. ಇಲ್ಲಿ ಮಾತಿನ ಕೊನೆಯ ಪರೀಕ್ಷೆ ಕೇಳಿದವರ ಬಾಳಿನಲ್ಲೇ ನಡೆಯುತ್ತದೆ.

ಸಾಂತ್ವನ ಮತ್ತು ಧೈರ್ಯ

ದುಃಖದಲ್ಲಿರುವವರಿಗೆ ನಿಜವಾದ ಮಾತೂ ಕೆಲವೊಮ್ಮೆ ನೋವು ಕೊಡುತ್ತದೆ. ಸಾವತ್ಥಿಯ ಕಿಸಾಗೋತಮಿ ಸತ್ತ ಮಗುವನ್ನು ಎತ್ತಿಕೊಂಡು ಔಷಧ ಬೇಡುತ್ತ ಅಲೆದಾಗ, ಹುಟ್ಟಿದವರೆಲ್ಲ ಸಾಯುತ್ತಾರೆ ಎಂಬ ಸತ್ಯ ಯಾರಿಗೂ ಹೊಸದಾಗಿರಲಿಲ್ಲ. ಬುದ್ಧ ಆ ಮಾತನ್ನು ಮೊದಲೇ ಆಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಹೇಳಿ ಕಳುಹಿಸಿದ. ಅವಳು ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಸಾಸಿವೆ ಎಲ್ಲರ ಮನೆಯಲ್ಲೂ ಇತ್ತು, ಸಾವು ಕಾಣದ ಮನೆ ಒಂದೂ ಇರಲಿಲ್ಲ. ತನ್ನ ದುಃಖ ತನ್ನೊಬ್ಬಳದಲ್ಲ ಎಂಬುದನ್ನು ಅವಳೇ ಕಂಡುಕೊಂಡ ಮೇಲೆ ಉಪದೇಶಕ್ಕೆ ಅವಳ ಮನಸ್ಸಿನಲ್ಲಿ ಜಾಗ ಸಿಕ್ಕಿತು. ದುಃಖದ ಮೊದಲ ಗಳಿಗೆಯಲ್ಲಿ ಸೂಕ್ತಿಗಿಂತ ಜೊತೆಗಿರುವುದೇ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮನಸ್ಸು ಸಿದ್ಧವಾಗಿದ್ದರೆ ನೆನಪಿನಲ್ಲಿರುವ ನುಡಿ ಅಪಾರ ಬಲ ಕೊಡುತ್ತದೆ. ಗುಲಾಮನಾಗಿ ಬಾಳಿ, ಮುಂದೆ ಸ್ಟೋಯಿಕ್ ಗುರುವಾದ ಎಪಿಕ್ಟೀಟಸನ ಬೋಧನೆಯ ಸಾರವನ್ನು ಅವನ ಶಿಷ್ಯ ಏರಿಯನ್ ಒಂದು ಕಿರುಹೊತ್ತಿಗೆಯಲ್ಲಿ ಸಂಗ್ರಹಿಸಿದ. ಅದರ ಮೊದಲ ಪಾಠ, ಮನುಷ್ಯನ ಹಿಡಿತದಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರೆಮಾಡಿ ನೋಡುವುದು. ಅಮೆರಿಕದ ನೌಕಾಪಡೆಯ ವಿಮಾನಚಾಲಕ ಜೇಮ್ಸ್ ಸ್ಟಾಕ್‌ಡೇಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಆ ಕಿರುಹೊತ್ತಿಗೆ ಅವರ ಕೈಸೇರಿತ್ತು. 1965ರ ಸೆಪ್ಟೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಕಾಲು ಮುರಿದ ಸ್ಥಿತಿಯಲ್ಲಿ ಸೆರೆಸಿಕ್ಕ ಅವರು 1973ರವರೆಗೆ ಹನೋಯಿಯ ಸೆರೆಮನೆಯಲ್ಲಿ ಚಿತ್ರಹಿಂಸೆಯನ್ನೂ ಏಕಾಂತವಾಸವನ್ನೂ ಅನುಭವಿಸಿದರು. ಪುಸ್ತಕವಿಲ್ಲದ ಆ ಕೋಣೆಯಲ್ಲಿ ಎಪಿಕ್ಟೀಟಸನ ಮಾತುಗಳೇ ತಮ್ಮನ್ನು ಕಾಪಾಡಿದವು ಎಂದು ಬಿಡುಗಡೆಯ ನಂತರ ಬರೆದರು. ದೇಹ ಕೈತಪ್ಪಿದೆ, ಮರ್ಯಾದೆಯಿಂದ ನಡೆದುಕೊಳ್ಳುವುದು ಕೈಯಲ್ಲಿದೆ ಎಂಬ ವಿವೇಚನೆ ಪ್ರತಿದಿನ ಮುಂದಿನ ಹೆಜ್ಜೆಯನ್ನು ತೋರಿಸಿತು.

ಇದರಿಂದ ಸೂಕ್ತಿ ಧೈರ್ಯ ಕೊಡುವ ಬಗೆ ತಿಳಿಯುತ್ತದೆ. ಈ ದಾರಿಯಲ್ಲಿ ಹಿಂದೆಯೂ ಯಾರೋ ನಡೆದಿದ್ದಾರೆ ಎಂದು ಹೇಳಿ ಅದು ಒಂಟಿತನವನ್ನು ಕಡಿಮೆ ಮಾಡುತ್ತದೆ. ಹೆಸರಿಲ್ಲದ ಭಯಕ್ಕೆ ಒಂದು ಆಕಾರ ಕೊಟ್ಟು ಅದನ್ನು ಎದುರಿಸಲು ಬರುವಂತೆ ಮಾಡುತ್ತದೆ. ಎಲ್ಲವೂ ಕೈಮೀರಿದಂತೆ ಕಂಡಾಗಲೂ ಮಾಡಬಹುದಾದ ಒಂದು ಕೆಲಸವನ್ನು ತೋರಿಸುತ್ತದೆ. ಕಷ್ಟವೇ ಇಲ್ಲವೆಂದು ನಂಬಿಸುವ ಮಾತಿನಿಂದ ಇಂಥ ಧೈರ್ಯ ಬರುವುದಿಲ್ಲ.

ನುಡಿಯ ದುರ್ಬಳಕೆ

ನೆನಪಿನಲ್ಲಿ ಉಳಿಯುವ ಶಕ್ತಿ ಸುಳ್ಳಿಗೂ ಇದೆ. ಹೆಣ್ಣನ್ನು ಹೀಗಳೆಯುವ, ಜಾತಿಯ ಮೇಲೆ ಗುಣ ಅಳೆಯುವ ಗಾದೆಗಳೂ ನೀತಿಪದ್ಯಗಳೂ ಕನ್ನಡದಲ್ಲಿ, ಸಂಸ್ಕೃತದಲ್ಲಿ, ಬೇರೆ ಭಾಷೆಗಳಲ್ಲಿ ಸಾಕಷ್ಟಿವೆ. ಪ್ರಾಸ ಚೆನ್ನಾಗಿದ್ದ ಮಾತ್ರಕ್ಕೆ ಅವು ಸತ್ಯವಾಗುವುದಿಲ್ಲ. ನ್ಯಾಯದರ್ಶನದ ಅಳತೆಯಲ್ಲಿ ನೋಡಿದರೆ ಇವು ಅರಿತವರ ಮಾತುಗಳಲ್ಲ. ಆಳುವವರು ಆಳಿಸಿಕೊಳ್ಳುವವರ ಬಗ್ಗೆ ಆಡಿದವು. ಇನ್ನೊಂದು ಬಗೆಯ ದುರ್ಬಳಕೆ ಹೆಚ್ಚು ಸೂಕ್ಷ್ಮವಾದದ್ದು. ಕೂಲಿ ಸಿಗದವರಿಗೆ ತಾಳ್ಮೆಯನ್ನೂ, ಗಂಡನ ಹೊಡೆತ ತಿನ್ನುವವಳಿಗೆ ಹಣೆಬರಹವನ್ನೂ ಬೋಧಿಸಿದಾಗ, ತನಗೆ ತಾನೇ ಹೇಳಿಕೊಂಡರೆ ಬಲವಾಗುತ್ತಿದ್ದ ಮಾತು ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ತಾಳ್ಮೆಯ ಸೂಕ್ತಿಯನ್ನು ನೊಂದವರು ಆರಿಸಿಕೊಳ್ಳಬಹುದು. ನೋಯಿಸಿದವರಿಗೆ ಅದನ್ನು ಉಪದೇಶಿಸುವ ಹಕ್ಕಿಲ್ಲ.

ಮನನ ಮತ್ತು ನಡೆ

ಕೇಳಿದ ಮಾತು ವಿವೇಕವಾಗುವ ದಾರಿಯನ್ನು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುತ್ತಾನೆ. ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲು ವೇದಾಂತದಲ್ಲಿ ಆತ್ಮಜ್ಞಾನಕ್ಕೆ ಹೇಳಿದವು. ಬದುಕಿನ ಸಣ್ಣ ತಿಳಿವಳಿಕೆಗೂ ಅವು ಅಷ್ಟೇ ಒಪ್ಪುತ್ತವೆ. ಶ್ರವಣದಲ್ಲಿ ಮಾತು ಸರಿಯಾಗಿ ಕಿವಿಗೆ ಬೀಳಬೇಕು, ಅದರ ಸಂದರ್ಭ ತಿಳಿಯಬೇಕು. ಮನನದಲ್ಲಿ ಬಿಟ್ಟುಹೋದ ಕಾರಣವನ್ನು ಹುಡುಕಬೇಕು, ಎದುರಾಗುವ ಇನ್ನೊಂದು ಮಾತಿನ ಜೊತೆ ತೂಗಬೇಕು, ತನಗೆ ಈಗ ಬೇಕಾದದ್ದು ಯಾವುದು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನಿದಿಧ್ಯಾಸನದಲ್ಲಿ ಅದು ಸ್ವಭಾವವಾಗುವವರೆಗೆ ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕು. ಒಂದೇ ಕುಳಿತಲ್ಲಿ ನೂರು ಸೂಕ್ತಿಗಳನ್ನು ಓದಿದರೆ ಒಂದೂ ಒಳಗಿಳಿಯುವುದಿಲ್ಲ. ಒಂದನ್ನು ಹಲವು ದಿನ ಜೊತೆಗಿಟ್ಟುಕೊಂಡರೆ ಅದು ಬಾಳಿನ ಒಂದು ಭಾಗವಾಗುತ್ತದೆ.

ಶರಣರು ಇದಕ್ಕೆ ನಡೆಯನ್ನು ಸೇರಿಸಿದರು. ಆಡಿದ ನುಡಿಗೆ ತಕ್ಕ ನಡೆಯಿಲ್ಲದಿದ್ದರೆ ದೇವರು ಮೆಚ್ಚುವುದಿಲ್ಲ ಎಂಬುದು ಅವರ ಧರ್ಮದ ತಳಹದಿ. ನಡೆ ಅಂದರೆ ಸೂಕ್ತಿಗೆ ಕೊನೆಯಲ್ಲಿ ಅಂಟಿಸುವ ಅಲಂಕಾರವಲ್ಲ, ಅದು ಅರ್ಥಮಾಡಿಕೊಳ್ಳುವ ಒಂದು ವಿಧಾನವೂ ಹೌದು. ಮಾರಯ್ಯ ಹೆಚ್ಚಾದ ಅಕ್ಕಿಯನ್ನು ಸುರಿದು ಬರಲು ಹಿಂತಿರುಗಿ ನಡೆದಾಗ ಆಸೆಯ ಬಗ್ಗೆ ತಿಳಿದುಕೊಂಡದ್ದು ಬರಿಯ ಮಾತಿನಿಂದ ತಿಳಿಯುವಂಥದ್ದಲ್ಲ. ಗಾಂಧೀಜಿಯ ಬಾಲ್ಯದಲ್ಲಿ ಅವರ ಮನಸ್ಸನ್ನು ಹಿಡಿದ, ಕೇಡಿಗೆ ಪ್ರತಿಯಾಗಿ ಒಳಿತು ಮಾಡಬೇಕೆನ್ನುವ ಗುಜರಾತಿ ನೀತಿಪದ್ಯವೊಂದರ ಪೂರ್ಣ ಅರ್ಥ ತೆರೆದುಕೊಂಡದ್ದು ಮುಂದೆ ಸತ್ಯಾಗ್ರಹದಲ್ಲಿ, ಆಚರಣೆಯ ಮೂಲಕ.

ಹೀಗೆ ಸೂಕ್ತಿಯ ಬೆಲೆ ಅದರ ಸೊಗಸಿನಿಂದಾಗಲಿ ಹೆಸರಿನಿಂದಾಗಲಿ ತೀರ್ಮಾನವಾಗುವುದಿಲ್ಲ. ಅರಿತವರು ಅದನ್ನು ಆಡಿದ್ದಾರೆ, ನೆನಪು ಅದನ್ನು ಬೇಕಾದ ಗಳಿಗೆಗೆ ತಂದುಕೊಡುತ್ತದೆ, ಮನನ ಅದು ತನಗೆ ಈಗ ಸಲ್ಲುತ್ತದೆಯೇ ಎಂದು ತೂಗುತ್ತದೆ, ನಡೆ ಅದನ್ನು ನಿಜ ಮಾಡುತ್ತದೆ. ಇವುಗಳಲ್ಲಿ ಮೊದಲನೆಯದು ಹಿರಿಯರು ಬಿಟ್ಟುಹೋದ ಆಸ್ತಿ. ಉಳಿದ ಮೂರು ಕೇಳಿದವರೇ ಮಾಡಬೇಕಾದ ಕೆಲಸ.